ರೈಲಿನಲ್ಲಿ ಬ್ಯಾಗ್ ಹೋದರೆ ಯಾವ ಪೊಲೀಸರ ಹತ್ತಿರ ಹೋಗಬೇಕು?

(ದೃಶ್ಯ: ಬೆಳಗಿನ ಜಾವ, ರೈಲು ನಿಲ್ದಾಣ)

ರಾತ್ರಿ ರೈಲು. ಕಣ್ಣು ಬಿಟ್ಟರೆ ತಲೆದಿಂಬಿನ ಪಕ್ಕ ಇಟ್ಟಿದ್ದ ಬ್ಯಾಗ್ ಇಲ್ಲ. ಗಾಬರಿಯಲ್ಲಿ ಪ್ಲಾಟ್‌ಫಾರಂಗೆ ಇಳಿದು, ಕಂಡ ಮೊದಲ ಖಾಕಿಯ ಹತ್ತಿರ ಓಡುತ್ತೀರಿ. ಭುಜದ ಮೇಲೆ ಆರ್‌ಪಿಎಫ್ ಅಂತ ಬರೆದಿದೆ. ಅವರು, "ಕಂಪ್ಲೇಂಟಾ? ಅಲ್ಲಿ ರೈಲ್ವೆ ಪೊಲೀಸ್ ಠಾಣೆ ಇದೆ, ಅಲ್ಲಿ ಕೊಡಿ ಸರ್" ಅನ್ನುತ್ತಾರೆ.

ಮತ್ತೆ ಇವರು ಯಾರು?

ಆರ್‌ಪಿಎಫ್ ಅಂದರೆ ರೈಲ್ವೆ ರಕ್ಷಣಾ ಪಡೆ, ಕೇಂದ್ರ ಸರ್ಕಾರದ ಪಡೆ. ರೈಲ್ವೆ ಆಸ್ತಿ, ಪ್ರಯಾಣಿಕರ ರಕ್ಷಣೆ ಅವರ ಕೆಲಸ. ನಿಮ್ಮ ಬ್ಯಾಗಿನ ಕೇಸ್ ತನಿಖೆ ಮಾಡುವವರು ಮಾತ್ರ ರೈಲ್ವೆ ಪೊಲೀಸರು, ಅಂದರೆ ರಾಜ್ಯದ ಪೊಲೀಸರು. ಹಳಿ, ಬೋಗಿ, ಟಿಕೆಟ್ ಎಲ್ಲಾ ದೆಹಲಿಯದು. ಬೋಗಿಯೊಳಗಿನ ಕಳ್ಳ ಬೆಂಗಳೂರಿನವರ ಪಾಲು!

(ತೆರೆಯ ಮೇಲೆ: 7ನೇ ಅನುಸೂಚಿ)

ಇದು ಸುಮ್ನೆ ಆದದ್ದಲ್ಲ. ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಅಂತ ಹೇಳುವ ಮೂರು ಪಟ್ಟಿಗಳು ಸಂವಿಧಾನದ 7ನೇ ಅನುಸೂಚಿಯಲ್ಲಿವೆ. ಕೇಂದ್ರ ಪಟ್ಟಿಯ 22ನೇ ನಮೂದು ರೈಲ್ವೆ. ರಾಜ್ಯ ಪಟ್ಟಿಯ 2ನೇ ನಮೂದು ಪೊಲೀಸ್. ಅದರಲ್ಲೇ "ರೈಲ್ವೆ ಪೊಲೀಸ್ ಸೇರಿ" ಅಂತ ಬಿಡಿಸಿ ಹೇಳಿದ್ದಾರೆ. ಸೈನ್ಯ, ವಿದೇಶಾಂಗ, ನೋಟು ಕೇಂದ್ರಕ್ಕೆ. ಜಮೀನು, ಕೃಷಿ, ಮದ್ಯ ರಾಜ್ಯಕ್ಕೆ. ಯಾವ ಪಟ್ಟಿಯಲ್ಲೂ ಇಲ್ಲದ್ದು? ಅದೂ ಕೇಂದ್ರಕ್ಕೇ.

ನಿಜವಾದ ಹಗ್ಗಜಗ್ಗಾಟ ಮೂರನೆಯದರಲ್ಲಿ. ಅದು ಸಮವರ್ತಿ ಪಟ್ಟಿ. ಇಬ್ಬರೂ ಕಾನೂನು ಮಾಡಬಹುದು. ಆದರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದರೆ, 254ನೇ ವಿಧಿಯ ಪ್ರಕಾರ ಕೇಂದ್ರದ್ದೇ ಮೇಲುಗೈ. ಹಾಗಾಗಿ 'ಸಮ' ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಶಿಕ್ಷಣ, ಅರಣ್ಯ ಮೊದಲು ರಾಜ್ಯ ಪಟ್ಟಿಯಲ್ಲೇ ಇದ್ದವು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿ ಅವನ್ನು ಇಲ್ಲಿಗೆ ತಂದಿತು. ಅಂದಿನಿಂದ ಇಂದಿನವರೆಗೂ ರಾಜ್ಯಗಳಿಗೆ ಅದರದ್ದೇ ಬೇಜಾರು.

(ದೃಶ್ಯ: ಕೆಸರುಗದ್ದೆ, ಓಡುತ್ತಿರುವ ಕೋಣಗಳು)

ರಾಜ್ಯಕ್ಕೆ ದಾರಿಯೇ ಇಲ್ವಾ? ಇದೆ. ಕಂಬಳ ನೋಡಿ. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ. ಅದಕ್ಕೆ 1960ರ ಕೇಂದ್ರ ಕಾಯ್ದೆ ಇದೆ. ಅದೇ ಕಾಯ್ದೆಯಡಿ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ ಕಂಬಳಕ್ಕೂ ಕುತ್ತು ಬಂತು. ಕರಾವಳಿಯವರು ಸುಮ್ಮನಿರುತ್ತಾರಾ? ಕರ್ನಾಟಕ 2017ರಲ್ಲಿ ಆ ಕೇಂದ್ರ ಕಾಯ್ದೆಗೇ ತನ್ನ ಮಟ್ಟಿಗೆ ತಿದ್ದುಪಡಿ ಮಾಡಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಕಿತ ಸಿಕ್ಕರೆ ಆ ರಾಜ್ಯದೊಳಗೆ ರಾಜ್ಯದ ಕಾನೂನೇ ನಡೆಯುತ್ತದೆ. 2023ರ ಮೇನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಆದರೆ ಒಂದು ಕೊಕ್ಕೆ ಇದೆ. ಅಂಕಿತ ಬಿದ್ದ ಮೇಲೂ ಸಂಸತ್ತು ಮನಸ್ಸು ಮಾಡಿದರೆ, ಹೊಸ ಕಾನೂನು ತಂದು ರಾಜ್ಯದ ಕಾಯ್ದೆಯನ್ನು ರದ್ದು ಮಾಡಬಹುದು. ಅದೂ 254ನೇ ವಿಧಿಯಲ್ಲೇ ಇದೆ, ಕೊನೆಯ ಸಾಲಿನಲ್ಲಿ.