ಎವಿ ರಿಸೀವರ್: ವ್ಯಾಟ್ ಆಮೇಲೆ ನೋಡೋಣ, ಮೊದಲು ಮಾತು ಕೇಳಿಸಲಿ

[ಸ್ಕ್ರೀನ್ ಮೇಲೆ: ರಿಮೋಟ್ ಹಿಡಿದ ಕೈ, ವಾಲ್ಯೂಮ್ ನಂಬರ್ ಏರುತ್ತಾ ಇಳಿಯುತ್ತಾ ಇದೆ]

ಸಿನಿಮಾ ಮುಗಿಯುವವರೆಗೂ ರಿಮೋಟ್ ಕೈಯಲ್ಲೇ ಇಟ್ಟುಕೊಂಡು ಕೂರುತ್ತೀರಾ? ಇಬ್ಬರು ಮೆಲ್ಲಗೆ ಮಾತಾಡುವ ಸೀನ್ ಬರುತ್ತದೆ, ಒಂದಕ್ಷರ ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸುತ್ತೀರಿ. ಅಷ್ಟರಲ್ಲಿ ಫೈಟ್ ಶುರುವಾಗಿ ಕಿಟಕಿ ಗಾಜು ಅದುರುತ್ತದೆ, ಮತ್ತೆ ಇಳಿಸುತ್ತೀರಿ. ಈ ಕಾಟ ತಪ್ಪಲಿ ಅಂತಲೇ ತುಂಬಾ ಜನ ಹೋಮ್ ಥಿಯೇಟರ್ ರಿಸೀವರ್ ತರಲು ಹೊರಡುತ್ತಾರೆ. ತರುವಾಗ ಮಾತ್ರ 11 ಚಾನೆಲ್ ಇರುವುದನ್ನೋ, ಬಾಕ್ಸ್ ಮೇಲೆ ಎಲ್ಲಕ್ಕಿಂತ ದೊಡ್ಡ ವ್ಯಾಟ್ ನಂಬರ್ ಇರುವುದನ್ನೋ ಎತ್ತಿಕೊಂಡು ಬರುತ್ತಾರೆ. ಆಮೇಲೂ ಮಾತು ಕೇಳಿಸುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಿಸೀವರ್ ಆರಿಸುವಾಗ ನೋಡಬೇಕಾದ್ದು ಅದು ನಿಮ್ಮ ರೂಮನ್ನು ಎಷ್ಟು ಚೆನ್ನಾಗಿ ಅಳೆದು ಸರಿಮಾಡುತ್ತದೆ ಅನ್ನುವುದನ್ನು. ಮನೆಗೆ ತಂದ ಮೇಲೆ ಸೆಟಪ್‌ಗೆ ಒಂದು ಸಂಜೆ ಪೂರ್ತಿ ಎತ್ತಿಡಬೇಕು. ಈ ಎರಡು ಸರಿಯಾದರೆ ಸಾಧಾರಣ ರಿಸೀವರ್ ಕೂಡ ಚೆನ್ನಾಗಿ ನುಡಿಯುತ್ತದೆ.

ಈ ಪೆಟ್ಟಿಗೆ ಮಾಡುವ ಕೆಲಸ ಮೂರು. ಟಿವಿ ಬಾಕ್ಸ್, ಗೇಮ್ ಕನ್ಸೋಲ್, ಬ್ಲೂ-ರೇ ಪ್ಲೇಯರ್ ಎಲ್ಲದರ ಸಿಗ್ನಲ್ ತೆಗೆದುಕೊಂಡು ಚಿತ್ರವನ್ನು ಟಿವಿಗೆ ಕಳಿಸುತ್ತದೆ. ಅದರೊಳಗಿನ ಆಡಿಯೋ ಬಿಡಿಸಿ ಯಾವ ಸದ್ದು ಯಾವ ಸ್ಪೀಕರಿಗೆ ಹೋಗಬೇಕು ಅಂತ ಹಂಚುತ್ತದೆ. ಕೊನೆಗೆ ಆ ಸ್ಪೀಕರ್‌ಗಳಿಗೆ ಬೇಕಾದ ಪವರ್ ಕೊಡುತ್ತದೆ.

[ಸ್ಕ್ರೀನ್ ಮೇಲೆ: ಮೇಲಿನಿಂದ ಕಾಣುವ ರೂಮಿನ ನಕ್ಷೆ, ಸೆಂಟರ್ ಸ್ಪೀಕರ್ ಬೇರೆ ಬಣ್ಣದಲ್ಲಿ]

5.1 ಅಂದರೆ ಮುಂದೆ ಎಡ, ಬಲ, ಮಧ್ಯೆ ಸೆಂಟರ್, ಪಕ್ಕದಲ್ಲಿ ಎರಡು ಸರೌಂಡ್, ಇವು ಐದು. ಆ .1 ಅನ್ನುವುದು ಸಬ್‌ವೂಫರ್, ಬರೀ ಬೇಸ್ ನುಡಿಸುವ ಸ್ಪೀಕರ್. ಸಿನಿಮಾದ ಮಾತು ಬಹುಪಾಲು ಬರುವುದು ಸೆಂಟರ್ ಸ್ಪೀಕರ್ ಒಂದರಿಂದಲೇ. ಇದನ್ನು ನೆನಪಿಡಿ, ಮುಂದೆ ಹೇಳುವ ಅರ್ಧ ವಿಷಯ ಇದಕ್ಕೇ ಬಂದು ನಿಲ್ಲುತ್ತದೆ. ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಥಿಯೇಟರಿಗೆ ಬಂತು, 2014ರಲ್ಲಿ ಮನೆಗೆ. ಅದರ ಜೊತೆ ಇನ್ನೊಂದು ನಂಬರ್ ಸೇರಿಕೊಂಡಿತು. 5.1.2 ಅಂದರೆ ಕೊನೆಯ 2 ತಲೆಯ ಮೇಲಿನ ಸ್ಪೀಕರ್‌ಗಳು.

ಇಲ್ಲಿ ಒಂದು ಗೊಂದಲ ಇದೆ. 7.2 ಚಾನೆಲ್ ಅಂತ ಬರೆದ ರಿಸೀವರಿನಲ್ಲಿ ಏಳು ಸ್ಪೀಕರ್‌ಗಳಿಗೆ ಆಂಪ್ಲಿಫೈಯರ್ ಇರುತ್ತದೆ. ಅದನ್ನು 7.1 (5.1ರ ಜೊತೆ ಹಿಂದೆ ಇನ್ನೆರಡು ಸ್ಪೀಕರ್) ಆಗಿಯೂ ಬಳಸಬಹುದು, 5.1.2 ಆಗಿಯೂ ಬಳಸಬಹುದು, ಎರಡೂ ಒಟ್ಟಿಗೆ ಆಗುವುದಿಲ್ಲ. ಆ .2 ಎರಡು ಸಬ್‌ವೂಫರ್ ಔಟ್. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಹೋಗುವುದು ಒಂದೇ ಸಿಗ್ನಲ್, ಬೇರೆ ಬೇರೆಯಾಗಿ ಹೊಂದಿಸಲು ಬರುವುದಿಲ್ಲ.

ಎಷ್ಟು ಚಾನೆಲ್ ಬೇಕು? ನೀವು ಕೂರುವ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆಯಾ? ಹಾಗಿದ್ದರೆ ಹಿಂದೆ ಸ್ಪೀಕರ್ ಇಡಲು ಜಾಗವೇ ಇಲ್ಲ, 7.1 ಯೋಚನೆ ಬಿಡಿ. ಏಳು ಚಾನೆಲ್ ರಿಸೀವರ್ ತಂದು 5.1.2 ಮಾಡಿಕೊಳ್ಳಿ. ಸೀಲಿಂಗಿಗೆ ಸ್ಪೀಕರ್ ಹಾಕುವ ಆಸೆ ಇಲ್ಲದಿದ್ದರೆ 5.1 ಸಾಕು. ಸುಮಾರಾದ ಒಂಬತ್ತು ಸ್ಪೀಕರ್‌ಗಳಿಗಿಂತ ಒಳ್ಳೆಯ ಐದು ಸ್ಪೀಕರ್ ಮತ್ತು ಒಂದು ಗಟ್ಟಿ ಸಬ್‌ವೂಫರ್ ಎಷ್ಟೋ ವಾಸಿ.

ಇನ್ನು ವ್ಯಾಟ್.

[ಸ್ಕ್ರೀನ್ ಮೇಲೆ: ಸ್ಪೆಸಿಫಿಕೇಶನ್ ಶೀಟಿನ ಸಣ್ಣ ಅಕ್ಷರಗಳು]

ಬಾಕ್ಸ್ ಮೇಲಿನ ದೊಡ್ಡ ನಂಬರ್ ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರ ಓದಿ. 1 ಚಾನೆಲ್, 6 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ), 1 ಕಿಲೋಹರ್ಟ್ಸ್, 10% ಡಿಸ್ಟಾರ್ಶನ್ ಅಂತ ಇದ್ದರೆ, ಒಂದೇ ಸ್ಪೀಕರಿಗೆ ಒಂದೇ ಸ್ವರವನ್ನು ಸದ್ದು ಒಡೆದು ಹೋಗುವಷ್ಟು ಜೋರಾಗಿ ಕೊಟ್ಟು ಅಳೆದದ್ದು ಅಂತ ಅರ್ಥ. ನೀವು ಹುಡುಕಬೇಕಾದ ಸಾಲು 2 ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಡಿಸ್ಟಾರ್ಶನ್ 0.1%ಗಿಂತ ಕಡಿಮೆ ಅನ್ನುವುದು. ಒಂದೇ ರಿಸೀವರಿಗೆ ಮೊದಲನೇ ಲೆಕ್ಕದಲ್ಲಿ ಸಿಗುವ ನಂಬರ್ ಎರಡನೆಯದಕ್ಕಿಂತ ತುಂಬಾ ಜಾಸ್ತಿ ಇರುತ್ತದೆ. ಅದಕ್ಕೇ ಎರಡು ಕಂಪನಿಗಳ ವ್ಯಾಟ್ ಹೋಲಿಸುವ ಮೊದಲು ಅಳೆದ ರೀತಿ ಒಂದೇನಾ ಅಂತ ನೋಡಿ.

ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್! 80 ವ್ಯಾಟಿನದು ಬಿಟ್ಟು 100 ವ್ಯಾಟಿನದು ತಂದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಅದರ ಬದಲು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದನ್ನು ನೋಡಿ. 87 ಡೆಸಿಬೆಲ್ ಸ್ಪೀಕರಿನ ಜಾಗದಲ್ಲಿ 90 ಡೆಸಿಬೆಲ್ ಸ್ಪೀಕರ್ ಇಟ್ಟರೆ ರಿಸೀವರಿನ ವ್ಯಾಟ್ ದುಪ್ಪಟ್ಟು ಮಾಡಿದ ಹಾಗೇ ಆಯಿತು. ಒಂದು ಎಚ್ಚರಿಕೆ, ನಿಮ್ಮ ಸ್ಪೀಕರ್ 4 ಓಮಿನದಾದರೆ ರಿಸೀವರ್ ಅದನ್ನು ಒಪ್ಪುತ್ತದಾ ಅಂತ ಮ್ಯಾನುಯಲ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ಎಚ್‌ಡಿಎಂಐ ಬಗ್ಗೆ ಬೇಗ ಹೇಳುತ್ತೇನೆ. ಬರೀ ಸಿನಿಮಾ, ಸೀರೀಸ್ ನೋಡುವವರಿಗೆ 4ಕೆ ಎಚ್‌ಡಿಆರ್ ಪಾಸ್ ಮಾಡುವ, ಎಚ್‌ಡಿಸಿಪಿ (ಕಾಪಿ ಮಾಡುವುದನ್ನು ತಡೆಯುವ ವ್ಯವಸ್ಥೆ) 2.2 ಅಥವಾ ಅದಕ್ಕಿಂತ ಹೊಸದಿರುವ ಎಚ್‌ಡಿಎಂಐ 2.0 ಸಾಕು. 4ಕೆಯಲ್ಲಿ 120 ಹರ್ಟ್ಸ್ ಗೇಮ್ ಆಡುವವರಿಗೆ ಎಚ್‌ಡಿಎಂಐ 2.1 ಬೇಕು. ಆಗ ಎಲ್ಲ ಇನ್‌ಪುಟ್‌ಗಳಿಗೂ ಅದು ಇದೆಯಾ, ಒಂದೆರಡಕ್ಕೆ ಮಾತ್ರಾನಾ ಅಂತ ಕೇಳಿ. ಇಲ್ಲವಾದರೆ ಕನ್ಸೋಲನ್ನು ನೇರ ಟಿವಿಗೇ ಹಾಕಿ, ಆಡಿಯೋ ಮಾತ್ರ ಇ-ಆರ್ಕ್ ಮೂಲಕ ವಾಪಸ್ ತನ್ನಿ.

ಆರ್ಕ್, ಇ-ಆರ್ಕ್ ಎರಡೂ ಟಿವಿಯಿಂದ ರಿಸೀವರಿಗೆ ಆಡಿಯೋ ವಾಪಸ್ ತರುವ ದಾರಿಗಳೇ. ಆರ್ಕ್ ದಾರಿ ಚಿಕ್ಕದು, ಆದರೂ ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಬರುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳ ಅಟ್ಮಾಸ್ ಸಾಮಾನ್ಯವಾಗಿ ಬರುವುದು ಅದರೊಳಗೇ. ಅಂದರೆ ಟಿವಿಯಲ್ಲಿ ಬರೀ ಆರ್ಕ್ ಇದೆ ಅಂತ ಹೊಸ ಟಿವಿ ತರಬೇಕಿಲ್ಲ, ಅಲ್ವಾ? ಇ-ಆರ್ಕ್ ಬೇಕಾಗುವುದು ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ತರಹದ ದೊಡ್ಡ ಆಡಿಯೋವನ್ನು ಟಿವಿ ದಾಟಿಸಿ ತರುವಾಗ. ಪ್ಲೇಯರನ್ನು ರಿಸೀವರಿಗೇ ಸಿಕ್ಕಿಸಿದರೆ ಆ ತಲೆನೋವೂ ಇಲ್ಲ. ಆಪ್ಟಿಕಲ್ ಕೇಬಲಿನಲ್ಲಿ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಅಟ್ಮಾಸ್ ಬರುವುದಿಲ್ಲ.

ಈಗ ದುಡ್ಡು ಹಾಕಬೇಕಾದ ಜಾಗಕ್ಕೆ ಬಂದೆವು. ರೂಮ್ ಕರೆಕ್ಷನ್.

ಸ್ಪೀಕರಿನಿಂದ ಹೊರಟ ಸದ್ದು ನೇರ ಕಿವಿಗೆ ಬರುತ್ತದೆ, ಗೋಡೆ, ನೆಲ, ಸೀಲಿಂಗಿಗೆ ಬಡಿದು ಸ್ವಲ್ಪ ತಡವಾಗಿ ಇನ್ನೊಮ್ಮೆಯೂ ಬರುತ್ತದೆ. ಬೇಸ್‌ನಲ್ಲಿ ಇದು ವಿಪರೀತ. 50 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ, ನಮ್ಮ ರೂಮ್ ಅದಕ್ಕಿಂತ ಚಿಕ್ಕದು, ಹಾಗಾಗಿ ಅಲೆಗಳು ಒಂದರ ಮೇಲೊಂದು ಬಿದ್ದು ಒಂದು ಕಡೆ ಬೇಸ್ ಉಬ್ಬಿ ಗುಂಯ್‌ಗುಡುತ್ತದೆ, ಒಂದು ಹೆಜ್ಜೆ ಆಚೆ ಕೂತರೆ ಇಲ್ಲವೇ ಇಲ್ಲ ಅನ್ನುವಷ್ಟು ಮಾಯವಾಗುತ್ತದೆ. ಉಬ್ಬಿದ ಬೇಸ್ ಮಾತನ್ನು ಮುಚ್ಚಿಹಾಕುತ್ತದೆ. ರಿಸೀವರ್ ಜೊತೆ ಬರುವ ಚಿಕ್ಕ ಮೈಕ್ ಇದನ್ನೆಲ್ಲ ಅಳೆಯುತ್ತದೆ, ಒಳಗಿನ ಸಾಫ್ಟ್‌ವೇರ್ ಉಬ್ಬಿದ್ದನ್ನು ತಗ್ಗಿಸುತ್ತದೆ. ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಆಡಿಸ್ಸಿ ಇರುತ್ತದೆ, ಯಮಾಹಾದಲ್ಲಿ ವೈಪಿಎಒ. ಒಂಕ್ಯೋ, ಪಯೋನಿಯರ್‌ನ ಕೆಲವು ಮಾಡೆಲ್‌ಗಳಲ್ಲಿ ಡಿರಾಕ್ ಲೈವ್ ಸಿಗುತ್ತದೆ. ಒಂದೇ ಹೆಸರಿನಲ್ಲೂ ಮೇಲು ಕೆಳಗು ಇದೆ. ಆಡಿಸ್ಸಿ ಮಲ್ಟ್‌ಇಕ್ಯೂಗಿಂತ ಅದರ ಎಕ್ಸ್‌ಟಿ32 ತುಂಬಾ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಎರಡು ಚಾನೆಲ್ ಜಾಸ್ತಿ ಇರುವ ಮಾಡೆಲ್ ಮತ್ತು ಒಳ್ಳೆಯ ರೂಮ್ ಕರೆಕ್ಷನ್ ಇರುವ ಮಾಡೆಲ್ ಒಂದೇ ಬೆಲೆಗೆ ಎದುರಿಗಿದ್ದರೆ ನಾನು ಕಣ್ಣುಮುಚ್ಚಿ ಎರಡನೆಯದನ್ನೇ ಆರಿಸುತ್ತೇನೆ.

[ಸ್ಕ್ರೀನ್ ಮೇಲೆ: ರಿಸೀವರಿನ ಹಿಂಭಾಗ, ಸ್ಪೀಕರ್ ಟರ್ಮಿನಲ್‌ಗಳು ಹತ್ತಿರದಿಂದ]

ಸರಿ, ಪೆಟ್ಟಿಗೆ ಮನೆಗೆ ಬಂತು. ಕರೆಂಟ್ ಪ್ಲಗ್ ಕೊನೆಗೆ ಹಾಕಿ, ಮೊದಲು ವೈರ್. ತಾಮ್ರದ ವೈರೇ ತಗೊಳ್ಳಿ. ಅಲ್ಯೂಮಿನಿಯಮ್ ಮೇಲೆ ತಾಮ್ರ ಲೇಪಿಸಿದ ವೈರ್ ನೋಡಲು ಹಾಗೇ ಇರುತ್ತದೆ, ಪ್ಯಾಕಿನ ಮೇಲೆ ಸಿಸಿಎ ಅಂತ ಬರೆದಿರುತ್ತದೆ, ಅದರ ರೆಸಿಸ್ಟೆನ್ಸ್ ಜಾಸ್ತಿ. ಮಾಮೂಲಿ ದೂರಕ್ಕೆ 16 ಗೇಜ್, ಉದ್ದ ಎಳೆಯುವುದಾದರೆ 14 ಗೇಜ್. ರಿಸೀವರಿನ ಕೆಂಪು ಟರ್ಮಿನಲ್‌ನ ವೈರ್ ಸ್ಪೀಕರಿನ ಕೆಂಪಿಗೇ ಹೋಗಬೇಕು. ಒಂದು ಸ್ಪೀಕರಿಗೆ ಉಲ್ಟಾ ಆದರೂ ಎಡ-ಬಲ ಒಂದನ್ನೊಂದು ಅಳಿಸಿ ಬೇಸ್ ತೆಳುವಾಗುತ್ತದೆ. ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ರಿಸೀವರ್ ಪ್ರೊಟೆಕ್ಟ್ ಮೋಡಿಗೆ ಹೋಗಿ ಆಫ್ ಆಗುತ್ತದೆ. ಎಳೆಗಳನ್ನು ಬಿಗಿಯಾಗಿ ಹೊಸೆದು ಹಾಕಿ, ಅಥವಾ ಬನಾನಾ ಪ್ಲಗ್ ಬಳಸಿ.

ಸ್ಪೀಕರ್ ಇಡುವ ಜಾಗ ನೋಡೋಣ. ನೀವು ಕೂತ ಕಡೆಯಿಂದ ಮುಂದಿನ ಎಡ-ಬಲ ಸ್ಪೀಕರ್‌ಗಳು ಮಧ್ಯದಿಂದ 22ರಿಂದ 30 ಡಿಗ್ರಿ ಆಚೀಚೆ ಇರಲಿ. 5.1ರಲ್ಲಿ ಸರೌಂಡ್‌ಗಳು ನಿಮ್ಮ ನೇರ ಪಕ್ಕದಲ್ಲಿ ಅಥವಾ ಸ್ವಲ್ಪ ಹಿಂದೆ, 90ರಿಂದ 120 ಡಿಗ್ರಿ ಒಳಗೆ. ಸೆಂಟರ್ ಸ್ಪೀಕರನ್ನು ಟಿವಿ ಕೆಳಗಿನ ಗೂಡಿನೊಳಗೆ ತುರುಕಬೇಡಿ! ಹಲಗೆಯ ಅಂಚಿಗೆ ಎಳೆದು, ಮೂತಿ ನಿಮ್ಮ ಕಿವಿಯ ಕಡೆಗೆ ತಿರುಗುವಂತೆ ಸ್ವಲ್ಪ ಎತ್ತಿ. ಮಾತು ಮಂಕಾಗಿರುವ ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೇ ಅರ್ಧ ಸಮಸ್ಯೆ ಹೋಗುತ್ತದೆ. ಸಬ್‌ವೂಫರಿಗೆ ಒಂದು ಹಳೆಯ ಉಪಾಯ ಇದೆ. ಅದನ್ನು ನೀವು ಕೂರುವ ಜಾಗದಲ್ಲಿಟ್ಟು ಬೇಸ್ ಇರುವ ಹಾಡು ಹಾಕಿ, ಗೋಡೆಯುದ್ದಕ್ಕೂ ಮೊಣಕಾಲೂರಿ ಹೋಗುತ್ತಾ ಕೇಳಿ. ಎಲ್ಲಿ ಬೇಸ್ ಸಮವಾಗಿ, ಬಿಗಿಯಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಕ್ರಾಸ್‌ಓವರ್ ಅಂದರೆ ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ. ಸಬ್‌ವೂಫರಿನ ಹಿಂದಿನ ಕ್ರಾಸ್‌ಓವರ್ ತಿರುಗಣೆಯನ್ನು ಪೂರ್ತಿ ಮೇಲಕ್ಕೆ ಅಥವಾ ಎಲ್‌ಎಫ್‌ಇ ಅಂತ ಬರೆದ ಕಡೆಗೆ ಹಾಕಿ. ಆ ಕೆಲಸ ರಿಸೀವರ್ ಮಾಡುತ್ತದೆ, ಎರಡು ಕಡೆ ಕತ್ತರಿಸುವುದು ಬೇಡ.

ಇನ್ನು ಮೈಕ್. ಸೋಫಾದ ಬೆನ್ನಿನ ಮೇಲೆ ಸುಮ್ನೆ ಇಟ್ಟುಬಿಡಬೇಡಿ. ಟ್ರೈಪಾಡ್ ಮೇಲೆ, ಕಿವಿಯ ಎತ್ತರಕ್ಕೆ. ಮೊದಲ ಅಳತೆ ಮುಖ್ಯವಾಗಿ ಕೂರುವ ಜಾಗದಲ್ಲೇ ಆಗಲಿ, ಉಳಿದವು ಅದರ ಸುತ್ತ ಎರಡಡಿ ಒಳಗೆ. ಫ್ಯಾನ್, ಎಸಿ ಆಫ್ ಮಾಡಿ, ಮನೆಯವರಿಗೆ ಹೇಳಿ ಬಾಗಿಲು ಹಾಕಿಕೊಳ್ಳಿ, ನೀವು ಮೈಕ್ ಮತ್ತು ಸ್ಪೀಕರಿನ ಮಧ್ಯೆ ನಿಲ್ಲಬೇಡಿ. ಕೇಳಿದಷ್ಟೂ ಕಡೆ ಅಳೆಯಿರಿ, ಮೂರಕ್ಕೇ ಸಾಕು ಅಂತ ನಿಲ್ಲಿಸಬೇಡಿ.

ಅಳತೆ ಮುಗಿದ ಮೇಲೆ ರಿಸೀವರ್ ಏನು ಬರೆದುಕೊಂಡಿದೆ ಅಂತ ಮೆನುವಿನಲ್ಲಿ ನೋಡಲೇಬೇಕು. ದೊಡ್ಡ ಟವರ್ ಸ್ಪೀಕರ್ ಇದ್ದರೆ ಅದು ಲಾರ್ಜ್ ಅಂತ ಹಾಕಿರಬಹುದು. ಸಬ್‌ವೂಫರ್ ಇರುವವರು ಎಲ್ಲವನ್ನೂ ಸ್ಮಾಲ್‌ಗೆ ಬದಲಿಸಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಆಗ ಕೆಳಗಿನ ಬೇಸ್ ಎಲ್ಲ ಸಬ್‌ಗೆ ಹೋಗಿ ಉಳಿದ ಸ್ಪೀಕರ್‌ಗಳು ಹಗುರಾಗುತ್ತವೆ. ಚಿಕ್ಕ ಸ್ಪೀಕರಿಗೆ ರಿಸೀವರೇ 100 ಅಥವಾ 120 ಹಾಕಿದ್ದರೆ ಅದನ್ನು ಇಳಿಸಬೇಡಿ. ಸಬ್‌ವೂಫರಿನ ದೂರ ಟೇಪು ಹಿಡಿದು ಅಳೆದದ್ದಕ್ಕಿಂತ ಒಂದೆರಡು ಮೀಟರ್ ಜಾಸ್ತಿ ತೋರಿಸಬಹುದು. ಅದನ್ನೂ ಮುಟ್ಟಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಸದ್ದನ್ನು ತಡಮಾಡುವುದರಿಂದ ಹಾಗೆ ಬರುತ್ತದೆ, ರಿಸೀವರಿಗೆ ಬೇಕಿರುವುದು ಸದ್ದು ತಲುಪುವ ಹೊತ್ತು. ಸಬ್‌ವೂಫರಿನ ಲೆವೆಲ್ -12ರ ತಳಕ್ಕೇ ಹೋಗಿ ನಿಂತಿದ್ದರೆ ಮಾತ್ರ ಸಬ್ ಹಿಂದಿನ ವಾಲ್ಯೂಮ್ ಇಳಿಸಿ ಮತ್ತೆ ಅಳೆಯಿರಿ.

ಟಿವಿಯಲ್ಲಿ ಮಾಡಬೇಕಾದ ಕೆಲಸವೂ ಇದೆ. ರಿಸೀವರಿನ ಆರ್ಕ್ ಔಟ್‌ನಿಂದ ಟಿವಿಯ ಆರ್ಕ್ ಅಥವಾ ಇ-ಆರ್ಕ್ ಅಂತ ಬರೆದ ಪೋರ್ಟಿಗೇ ಕೇಬಲ್ ಹೋಗಲಿ. ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು ಪಾಸ್‌ಥ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಹಾಕಿ. ಪಿಸಿಎಂ ಅಂತ ಇದ್ದರೆ ಆರ್ಕ್‌ನಲ್ಲಿ ಎರಡೇ ಚಾನೆಲ್ ಬರುತ್ತದೆ. ಟಿವಿಯ ಸ್ವಂತ ಸ್ಪೀಕರ್ ಆಫ್ ಆಗಿದೆಯಾ ನೋಡಿ.

ಇಷ್ಟಾದ ಮೇಲೂ ಮಾತು ಮೆಲ್ಲಗಿದ್ದರೆ ಸೆಂಟರ್ ಲೆವೆಲ್ 2 ಡೆಸಿಬೆಲ್ ಏರಿಸಿ, ಬೇಕಾದರೆ 3. ಇಲ್ಲಿ ಸಂಕೋಚ ಬೇಡ, ಕಿವಿ ನಿಮ್ಮದು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಡುವವರು ಡೈನಾಮಿಕ್ ರೇಂಜ್ ಅಥವಾ ನೈಟ್ ಮೋಡ್ ಆನ್ ಮಾಡಿ. ಮೆಲ್ಲನೆ ಮಾತಿಗೂ ಜೋರು ಸದ್ದಿಗೂ ಇರುವ ಅಂತರ ಕಡಿಮೆಯಾಗುತ್ತದೆ, ರಿಮೋಟ್ ಕೆಳಗಿಡಬಹುದು. ಸೌಂಡ್ ಮೋಡ್‌ಗಳಲ್ಲಿ ಮಲ್ಟಿ ಚಾನೆಲ್ ಸ್ಟೀರಿಯೋ ಸಿನಿಮಾಗೆ ಬೇಡವೇ ಬೇಡ. ಮಾತು ಎಲ್ಲ ದಿಕ್ಕಿನಿಂದ ಬಂದು ಕಲಸಿಹೋಗುತ್ತದೆ. ಎರಡೇ ಚಾನೆಲ್ ಇರುವ ಹಳೆಯ ಸಿನಿಮಾಗೆ ಡಾಲ್ಬಿ ಸರೌಂಡ್ ಹಾಕಿ ನೋಡಿ, ಅದು ಮಾತನ್ನು ಎಳೆದು ಸೆಂಟರಿಗೆ ತರುತ್ತದೆ.

ರಿಸೀವರ್ ಬಿಸಿಯಾಗುವ ವಸ್ತು. ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಗಾಳಿಯಾಡದ ಕಪಾಟಿನಲ್ಲಿ ಕೂಡಿಹಾಕಬೇಡಿ. ಮತ್ತೆ ಎಲ್ಲ ಹೊಂದಿಸಿ ಮುಗಿದ ದಿನವೇ ಆ ಸೆಟ್ಟಿಂಗ್‌ಗಳನ್ನು ಸೇವ್ ಮಾಡಿಕೊಳ್ಳಿ. ನಿಮ್ಮದರಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮೆನುವಿನ ಪ್ರತಿ ಪುಟದ ಫೋಟೋ ತೆಗೆದಿಡಿ, ಯಾವಾಗಲಾದರೂ ಫ್ಯಾಕ್ಟರಿ ರೀಸೆಟ್ ಮಾಡಬೇಕಾಗಿ ಬಂದಾಗ ಲೆವೆಲ್, ದೂರ, ಕ್ರಾಸ್‌ಓವರ್ ಎಲ್ಲ ನೋಡಿ ತುಂಬಬಹುದು.

ನಿಮ್ಮ ರೂಮಿನ ಉದ್ದ, ಅಗಲ, ಸೋಫಾ ಎಲ್ಲಿದೆ, ಯಾವ ಸ್ಪೀಕರ್, ಇಷ್ಟನ್ನು ಕಾಮೆಂಟಿನಲ್ಲಿ ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ಮುಂದಿನ ವಿಡಿಯೋದಲ್ಲಿ ಎರಡು ಸಬ್‌ವೂಫರ್ ಹೊಂದಿಸುವುದು ಹೇಗೆ ಅಂತ ನೋಡೋಣ.