ಗಣಿಯೂರಿನ ಹುಡುಗರ ಹಾಕಿ ತಂಡ

ಕೇಳುಗರಿಗೆ ನಮಸ್ಕಾರ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದಲ್ಲಿ, ಸಸ್ಕಾಚೆವಾನ್ ಗಡಿಗೆ ತಾಗಿಕೊಂಡು, ಫ್ಲಿನ್ ಫ್ಲಾನ್ ಎಂಬ ಊರಿದೆ. ತಾಮ್ರ ಮತ್ತು ಸತುವಿನ ಗಣಿಯಿಂದ ಬೆಳೆದ ಊರು ಅದು. ನೆಲವೆಲ್ಲ ಕಗ್ಗಲ್ಲಾದ್ದರಿಂದ ಅಲ್ಲಿ ಚರಂಡಿಯ ಕೊಳವೆಗಳನ್ನು ಹೂಳಲಾಗದೆ ಹಲಗೆಯ ಪೆಟ್ಟಿಗೆಗಳೊಳಗೆ ನೆಲದ ಮೇಲೆಯೇ ಹಾಯಿಸಿದ್ದರು. ಜನ ಆ ಪೆಟ್ಟಿಗೆಗಳ ಮೇಲೆಯೇ ನಡೆದಾಡುತ್ತಿದ್ದರು. ಅಲ್ಲಿ 1927ರಲ್ಲಿ ಆರಂಭವಾಗಿ, ಮುಂದೆ ಎಳೆಯ ಹುಡುಗರ ಐಸ್ ಹಾಕಿ ತಂಡವಾದದ್ದೇ ಬಾಂಬರ್ಸ್.

ಈ ತಂಡದ ಚರಿತ್ರೆಯನ್ನು ಬರಿಯ ಸೋಲು ಗೆಲುವಿನ ಲೆಕ್ಕವಾಗಿ ಹೇಳುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ತಂಡವನ್ನು ಸಾಕಿದ್ದು ಊರು, ಊರನ್ನು ಸಾಕಿದ್ದು ಗಣಿ. ಆಡಲು ಬಂದ ಹುಡುಗರಿಗೆ ಗಣಿ ಕಂಪನಿಯಲ್ಲೇ ಕೆಲಸ ಸಿಗುತ್ತಿತ್ತು. 1957ರಲ್ಲಿ ಈ ಹುಡುಗರು ಒಟ್ಟಾವಾ ತಂಡವನ್ನು ಏಳು ಪಂದ್ಯಗಳ ಸೆಣಸಿನಲ್ಲಿ ಸೋಲಿಸಿ, ಕೆನಡಾದ ಕಿರಿಯರ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದರು.

ಇನ್ನು ಬಾಬಿ ಕ್ಲಾರ್ಕ್‌ನ ವಿಷಯ. ಅದೇ ಊರಿನಲ್ಲಿ 1949ರಲ್ಲಿ ಹುಟ್ಟಿದ ಆತನಿಗೆ ಎಳವೆಯಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. 1967-68ರ ಋತುವಿನಲ್ಲಿ ಆತ ಬಾಂಬರ್ಸ್ ಪರವಾಗಿ 51 ಗೋಲು ಹೊಡೆದು, 117 ಗೋಲುಗಳಿಗೆ ನೆರವಾದರೂ, ದೊಡ್ಡ ತಂಡಗಳು ಕಾಯಿಲೆಯ ಹೆಸರು ಕೇಳಿಯೇ ಹಿಂಜರಿಯುತ್ತಿದ್ದವು. ಆಗ ತರಬೇತುದಾರ ಪ್ಯಾಡಿ ಗಿನ್ನೆಲ್ ಹುಡುಗನನ್ನು ಅಮೆರಿಕದ ಮೇಯೊ ಕ್ಲಿನಿಕ್‌ಗೆ ಕರೆದೊಯ್ದು, ಆರೋಗ್ಯವನ್ನು ಜೋಪಾನ ಮಾಡಿಕೊಂಡರೆ ಈತ ಧಾರಾಳವಾಗಿ ಆಡಬಲ್ಲನೆಂದು ವೈದ್ಯರಿಂದ ಬರೆಸಿಕೊಂಡು ಬಂದ. ಅಷ್ಟಾದರೂ, ವೃತ್ತಿಪರ ತಂಡಗಳು ಕಿರಿಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1969ರ ಆಯ್ಕೆಯಲ್ಲಿ ಹದಿನಾರು ಹೆಸರುಗಳು ಮುಗಿದ ಮೇಲೆಯೇ ಅಮೆರಿಕದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಆತನನ್ನು ತೆಗೆದುಕೊಂಡಿತು. ಮೊದಲ ಶಿಬಿರದಲ್ಲಿ ಆತ ತಲೆಸುತ್ತಿ ಬಿದ್ದ. ಅನಂತರ, ಆಡುವಾಗ ರಕ್ತದಲ್ಲಿ ಸಕ್ಕರೆ ಕುಸಿಯದಂತೆ, ಪಂದ್ಯಕ್ಕೆ ಮೊದಲು ಸಕ್ಕರೆ ಕಲಸಿದ ಕೋಲಾ, ನಡುವಿನ ಬಿಡುವಿನಲ್ಲಿ ಸಕ್ಕರೆ ಬೆರೆಸಿದ ಕಿತ್ತಳೆ ರಸದ ಅರ್ಧ ಲೋಟ, ಹೀಗೆ ಅಳತೆಯಿಟ್ಟುಕೊಂಡು ಆಡಿದ ಕ್ಲಾರ್ಕ್, ಆ ತಂಡದ ನಾಯಕನಾಗಿ 1974 ಮತ್ತು 1975ರಲ್ಲಿ ವೃತ್ತಿಪರ ಐಸ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿದ. ಆತನೊಡನೆ ಬಾಂಬರ್ಸ್‌ನಲ್ಲಿ ಆಡಿದ್ದ ರೆಜಿ ಲೀಚ್‌ನ ಬಗ್ಗೆ ಹೇಳಲು ಬಹಳವಿದೆ, ಸಮಯವಿಲ್ಲ. ಮುಂದೆ ಫ್ಲೈಯರ್ಸ್ ಪರವಾಗಿ ಒಂದೇ ಋತುವಿನಲ್ಲಿ 61 ಗೋಲು ಹೊಡೆದವನು ಆತ.

1978ರಲ್ಲಿ, ಕಿರಿಯರ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದ ಈ ತಂಡ ಎಡ್ಮಂಟನ್ ನಗರಕ್ಕೆ ಹೊರಟುಹೋಯಿತು. ಊರಿನವರು ಬಾಂಬರ್ಸ್ ಹೆಸರನ್ನು ಬಿಟ್ಟುಕೊಡದೆ ಕೆಳಗಿನ ದರ್ಜೆಯಲ್ಲಿ ಹೊಸ ತಂಡ ಕಟ್ಟಿ, 1984ರಿಂದ ಸಸ್ಕಾಚೆವಾನ್‌ನ ಕಿರಿಯರ ಲೀಗ್‌ನಲ್ಲಿ ಆಡಿಸುತ್ತ ಬಂದಿದ್ದಾರೆ. ವಿಟ್ನಿ ಫೋರಂ ಎಂಬ ಅಂಗಣದಲ್ಲಿ ಇಂದಿಗೂ ಅದೇ ಹೆಸರಿನ ಹುಡುಗರು ಮಂಜುಗಡ್ಡೆಗೆ ಇಳಿಯುತ್ತಾರೆ.