ನುಂಗಿದ್ದು ನಾಣ್ಯವೋ, ಸೆಲ್ಲೋ?

ಕೇಳುಗರಿಗೆ ನಮಸ್ಕಾರ.

ನೆಲದ ಮೇಲೆ ಆಡುತ್ತಿದ್ದ ಮಗು ಏನನ್ನೋ ಗುಳುಂ ಮಾಡಿತು. ಅಜ್ಜಿ ಬಾಳೆಹಣ್ಣು ಸುಲಿಯುತ್ತಾರೆ, ಜಾರಿ ಹೋಗಲಿ ಅಂತ. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅನ್ನುತ್ತಾರೆ. ಎರಡೂ ಬೇಡ. ವಾಂತಿಯಲ್ಲಿ ಮೇಲೆ ಬಂದದ್ದು ಉಸಿರಿನ ನಾಳಕ್ಕೆ ಜಾರಿದರೆ ಪ್ರಾಣಕ್ಕೇ ಕುತ್ತು.

ಮೊದಲು ಉಸಿರು ನೋಡಿ. ಮಗು ಜೋರಾಗಿ ಕೆಮ್ಮುತ್ತಿದೆಯಾ? ಕೆಮ್ಮಲಿ ಬಿಡಿ. ದನಿಯೇ ಹೊರಡುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ನೀವು ಹೀಗೆ ಮಾಡಿ. ವರ್ಷ ತುಂಬದ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿಯಿರಿ. ಬೆನ್ನಿನ ಮೇಲ್ಭಾಗಕ್ಕೆ ಅಂಗೈ ಬುಡದಿಂದ 5 ಏಟು. ಬರಲಿಲ್ಲವಾದರೆ ಅಂಗಾತ ತಿರುಗಿಸಿ, ಎದೆಯ ನಡುವೆ 5 ಸಲ ಒತ್ತಿ. ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಏಟು ಕೊಡಿ. ಆಮೇಲೆ ಹಿಂದೆ ನಿಂತು ಹೊಕ್ಕುಳಿನ ಸ್ವಲ್ಪ ಮೇಲೆ, ಒಳಕ್ಕೂ ಮೇಲಕ್ಕೂ 5 ಸಲ ಅದುಮಿ. ವಸ್ತು ಹೊರಬರುವವರೆಗೆ ಇದೇ ಸರದಿ. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳಾಡಿಸಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಉಸಿರು ಸರಿಯಿದ್ದರೆ ಮುಂದಿನ ಪ್ರಶ್ನೆ: ನುಂಗಿದ್ದೇನು? ಹುಣಸೆಬೀಜಕ್ಕೆ ಹೆದರಬೇಕಿಲ್ಲ. ನಾಣ್ಯ ಹೊಟ್ಟೆಗೆ ಇಳಿದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಆದರೂ ಎಲ್ಲಿದೆ ಅಂತ ಎಕ್ಸ್‌ರೇ ತೆಗೆಸಬೇಕು. ಜೊಲ್ಲು ಸುರಿದರೆ, ನುಂಗಲು ಆಗದಿದ್ದರೆ ಅದು ಅನ್ನನಾಳದಲ್ಲೇ ಸಿಕ್ಕಿರಬಹುದು.

ನನಗೆ ಜಾಸ್ತಿ ಭಯ ಬಟನ್ ಸೆಲ್ಲಿನದು. ವಾಚು, ಪುಟ್ಟ ರಿಮೋಟು, ಹಾಡುವ ಬೊಂಬೆ, ಎಲ್ಲದರಲ್ಲೂ ಇರುತ್ತದಲ್ವಾ, ಅದೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎಂಜಲಿನ ಒದ್ದೆಗೆ ಕರೆಂಟು ಹರಿದು, ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಆಳವಾಗಿ ಸುಡುತ್ತದೆ. 'ಖಾಲಿಯಾದ ಸೆಲ್ಲು ಬಿಡಿ' ಅನ್ನುವಂತಿಲ್ಲ, ಅದರಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನಗುನಗುತ್ತಾ ಆಡುತ್ತಿದ್ದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ನುಂಗಿ 12 ಗಂಟೆಯೊಳಗಾಗಿದ್ದರೆ, ಮಗುವಿಗೆ ವರ್ಷ ತುಂಬಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಆರು ಸಲಕ್ಕಿಂತ ಜಾಸ್ತಿ ಬೇಡ. ಸುಡುವುದು ಕೊಂಚ ನಿಧಾನವಾಗುತ್ತದೆ, ಅಷ್ಟೇ. ಜೇನು ಹುಡುಕುತ್ತಾ ಮನೆಯಲ್ಲಿ ಕೂರಬೇಡಿ. ಎಳೆಗೂಸಿಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ವರ್ಷದೊಳಗೆ ಅದು ಯಾವ ಕಾರಣಕ್ಕೂ ಸಲ್ಲದು.

ಅಯಸ್ಕಾಂತದ ಗುಂಡುಗಳಿಗೂ ಇದೇ ಅವಸರ. ಎರಡು ಒಳಗೆ ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟುತ್ತವೆ, ಕರುಳು ತೂತಾಗುತ್ತದೆ.

ಆಸ್ಪತ್ರೆಗೆ ಹೊರಡುವಾಗ ಆ ಬೊಂಬೆಯನ್ನೋ ರಿಮೋಟನ್ನೋ ಚೀಲಕ್ಕೆ ಹಾಕಿಕೊಳ್ಳಿ. ಒಳಗಿದ್ದ ಸೆಲ್ಲಿನ ಅಳತೆ ಡಾಕ್ಟರಿಗೆ ಅದರಿಂದಲೇ ತಿಳಿಯುತ್ತದೆ.